ಹೊಸ್ತಿಲಿಲ್ಲದ ಮನೆ

4-5-2006, ಗುರುವಾರ

ಮೈದುನ ಚಂದ್ರು ಜೀರಹಳ್ಳಿಯಲ್ಲಿ ಕಟ್ಟಿಸಿದ ಮನೆ ಕಣ್ಣಿಂದ ಹೋಗುತ್ತಿಲ್ಲ. ಕೊಯಮತ್ತೂರಿನ ಇಂಜಿನಿಯರ್ ಪ್ಲಾನ್ ಅಂತೆ. ಎದುರು ಗೋಡೆ ಮುಂದಕ್ಕೆ ವಾಲಿಕೊಂಡಿದೆ, ಗಾರೆಯಿಲ್ಲ, ಬಣ್ಣವಿಲ್ಲ, ಕಿಟಕಿಗಳು ಯಾರೋ ಎಸೆದ ಹಾಗೆ ಅಲ್ಲೊಂದು ಇಲ್ಲೊಂದು. ಅರ್ಧ ಕಟ್ಟಿ ಬಿಟ್ಟ ಗೋಡೌನ್! ಹಾಗಂತ ಇವರ ಕಿವಿಯಲ್ಲಿ ಹೇಳಿ ನಕ್ಕೆ ಕೂಡ.

ಇವತ್ತು ಗೃಹಪ್ರವೇಶ. ಅತ್ತೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ಬಗ್ಗಿದವರು ಹಾಗೇ ನಿಂತುಬಿಟ್ಟರು. ಹೊರಗಿನ ನೆಲವೇ ಒಳಗೂ ಸಾಗಿತ್ತು.

“ಒಸ್ಲೇ ಇಲ್ವಲ್ಲಾ ಚಂದ್ರು! ಅರಿಸ್ನ ಎಲ್ಗೆ ಅಚ್ಲಿ? ಇದೂ ಒಂದು ಮನೆಯೇನ್ಲಾ?”

“ಬೇಕಂತ್ಲೇ ಇಕ್ಸ್ನಿಲ್ಲ ಕಣವ್ವ,” ಎಂದ ಚಂದ್ರು.

ಅಷ್ಟರಲ್ಲಿ ನಮ್ಮ ಜೊತೆಗಿರುವ ನಾದಿನಿ ಮಾದೇವಿ ತನ್ನ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು, ಯಾರನ್ನೂ ಕೂಗದೆ, ಎಲ್ಲರಿಗಿಂತ ಮೊದಲು ಒಳಗೆ ಹೋದಳು. ತಿರುಗಿ ನನಗೆ, “ಬನ್ನಿ ಅತ್ಗೆ, ಒಳಿಕ್ ಬನ್ನಿ,” ಎಂದಳು. ಅವಳು ಯಾರನ್ನಾದರೂ ಒಳಗೆ ಕರೆದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಮನೆ ಈಗಲೂ ವಿಕಾರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ತಾಳವಾಡಿಗೆ ವಾಪಸ್ ಬಂದಾಗ ಇವರೂ ಪಕ್ಕದ ಮನೆಯವರೂ ಎಂದಿನಂತೆ ಮಾದೇವಿಯನ್ನು ಕುರ್ಚಿ ಸಮೇತ ಎತ್ತಿ ನಮ್ಮ ಹೊಸ್ತಿಲು ದಾಟಿಸಿದರು. ಗೇಣೆತ್ತರದ ಬೀಟೆ ಹೊಸ್ತಿಲು, ನೋಡಿದವರೆಲ್ಲ ಎಷ್ಟು ಚೆಂದ ಅನ್ನುತ್ತಾರೆ. ಎತ್ತುವಾಗ ಅವಳು ಕಣ್ಣು ಮುಚ್ಚಿಕೊಂಡಳು. ದಿನಾ ಮುಚ್ಚಿಕೊಳ್ಳುತ್ತಿದ್ದಳೋ ಏನೋ, ನಾನು ನೋಡಿರಲಿಲ್ಲ.

ನಾಳೆ ಶುಕ್ರವಾರ. ಹೊಸ್ತಿಲು ತೊಳೆದು ಅರಿಸಿನ ಬಳಿಯಬೇಕು. ಅವಳು ನಡುಮನೆಯಲ್ಲಿ ಕೂತು ನೋಡುತ್ತಿರುತ್ತಾಳೆ. ನಾನು ಅವಳೆದುರಿಗೇ ಬಗ್ಗಿ, ಅದಕ್ಕೆ ಕೈ ಮುಗಿದು...