ಟ್ಯಾಂಕಿನ ಕೆಳಗಿದ್ದ ರಿಬ್ಬನ್

ಅಪ್ಪಾ,

ನಿನ್ನ ಹಳೇ ಬೈಕಿನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಹಿತ್ತಿಲಲ್ಲಿ ಗೋಣಿಚೀಲದ ಮೇಲೆ ಇಟ್ಟಿದ್ದೀನಿ. ಪೆಟ್ರೋಲ್ ಪಕ್ಕದ ಕ್ಯಾನಲ್ಲಿದೆ, ಬೀಡಿ ಹಚ್ಕೊಂಡು ಆ ಕಡೆ ಸುಳೀಬೇಡ. ಬೋಲ್ಟು, ವಾಷರು ನಿನ್ನ ಟೀ ಲೋಟದಲ್ಲಿವೆ. ನೋಡದೆ ಟೀ ಬಗ್ಗಿಸ್ಕೋಬೇಡ.

ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ, ಸಂಜೆ ಬಂದು ನಾನೇ ತೊಳೀತೀನಿ. ನೀನು ಎತ್ತೋಕೆ ಹೋಗಬೇಡ. ಸೊಂಟ ಹಿಡ್ಕೊಂಡ್ರೆ ಎಣ್ಣೆ ತಿಕ್ಕೋಳು ನಾನೇ.

ಅಂದ ಹಾಗೆ, ಟ್ಯಾಂಕ್ ಎತ್ತಿ ನೋಡಿದ್ರೆ, ಕೆಳಗಿನ ವೈರುಗಳಿಗೆಲ್ಲ ನನ್ನ ಸ್ಕೂಲಿನ ಕೆಂಪು ರಿಬ್ಬನ್ ಸುತ್ತಿದ್ದೀಯ! ಅದನ್ನ ಕಳ್ಕೊಂಡೆ ಅಂತ ಅಮ್ಮ ನಂಗೆ ಮಂಗಳಾರತಿ ಮಾಡಿದಾಗ, ನೀನೂ ನನ್ನ ಜೊತೆ ಮಂಚದ ಕೆಳಗೆ ತೂರಿ ಹುಡುಕಿದ್ಯಲ್ಲ. ಎಂಥಾ ಕಳ್ಳ ನೀನು!

ಅದನ್ನ ಬಿಚ್ಚಬೇಡ, ಇರಲಿ. ಬರ್ತಾ ಟೇಪ್ ತರ್ತೀನಿ, ಅದರ ಮೇಲೇ ಸುತ್ತಿಬಿಡೋಣ. ಅಮ್ಮನ ಕಣ್ಣಿಗೆ ಬಿದ್ರೆ ಈ ಸಲದ ಮಂಗಳಾರತಿ ನಿಂಗೆ.