ಡಬ್ಬಿಯ ಕಾಂಕ್ರೀಟು, ಚಾವಣಿಯ ಕಾಂಕ್ರೀಟು

ಇಸವಿ ೨೩೧೮, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ಘಟಪ್ರಭೆಯ ದಂಡೆ

ಸರಕಾರಿ ಕಟ್ಟಡಗಳ ಟೆಂಡರು ಹಿಡಿಯುವ ಹಿಂದಿನ ಕಾಲದ ಹಿರಿಯರಿಗೆ,

ಹದಿಮೂರನೆಯ ತಿಂಗಳು ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಮ್ಮ ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ. ಕಾಂಕ್ರೀಟು ಗಟ್ಟಿಯಾಗಲು ಕಾಯುವ ದಿನಗಳೂ ಅಷ್ಟೇ ಆದ್ದರಿಂದ ಕಟ್ಟಡದವರಿಗೆ ಇದು ಅನುಕೂಲ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ನಮಗೆ ಅವು ದಿನದ ಮಾತುಗಳು.

ನಾನು ಒಂದು ಕಟ್ಟಡ ಕಂಪನಿಯ ಶಂಕೆಗಾರ್ತಿ. ಸರಕಾರಿ ಕೆಲಸ ಮಾಡುವ ಪ್ರತಿ ಕಂಪನಿಯೂ ಇಂಥ ಒಬ್ಬರನ್ನು ಇಟ್ಟುಕೊಳ್ಳಲೇಬೇಕು. ಸಂಬಳ ಕೊಡುವ ಕಂಪನಿಯನ್ನೇ ನಂಬದಿರುವುದು ನಮ್ಮ ಕೆಲಸ. ನಾನು ಓದಿದ್ದು ಐದನೆಯ ತರಗತಿಯವರೆಗೆ. ಈ ಕೆಲಸಕ್ಕೆ ಅಷ್ಟು ಸಾಕು ಎಂದು ಸೇರಿಸಿಕೊಂಡರು. ಯಾಕೆ ಸಾಕು ಎಂಬುದೇ ನನ್ನ ಮೊದಲ ಶಂಕೆಯಾಗಿತ್ತು.

ನಮ್ಮಲ್ಲಿ 'ಮುಂಚೊಪ್ಪು' ಎಂಬ ಕಾನೂನಿದೆ. ಕಂಪನಿ ತನ್ನ ತಪ್ಪು ತನಗೆ ತಿಳಿದ ಏಳು ದಿನದೊಳಗೆ ತಾನೇ ಹೋಗಿ ಹೇಳಿ, ಸ್ವಂತ ಖರ್ಚಿನಲ್ಲಿ ಸರಿ ಮಾಡಿಕೊಟ್ಟರೆ ಮಾಲೀಕರ ಮೇಲೆ ಕ್ರಿಮಿನಲ್ ಮೊಕದ್ದಮೆ ಇಲ್ಲ, ಮುಂದಿನ ಟೆಂಡರಿಗೂ ಅಡ್ಡಿಯಿಲ್ಲ. ಎಂಟನೆಯ ದಿನ ಬೇರೆಯವರಿಂದ ಗೊತ್ತಾದರೆ ಮಾಲೀಕರಿಗೆ ಜೈಲು. 'ಶಂಕೆಯಿಲ್ಲ' ಎಂದು ಮುದ್ರೆ ಒತ್ತಿದ ಶಂಕೆಗಾರರಿಗೂ ಜೈಲು. ಹೇಳಬೇಕಾದದ್ದು ತೆರೆದ ಕಟ್ಟೆಯಲ್ಲಿ. ಅದು ಪೇಟೆಯ ನಡುವಿನ ಒಂದು ಕಲ್ಲಿನ ಜಗಲಿ. ಗುತ್ತಿಗೆದಾರರು ಅಧಿಕಾರಿಗಳ ಜೊತೆ ಅಲ್ಲಿ ಮಾತ್ರ, ದಾರಿಹೋಕರು ಕೇಳುವಂತೆ ಮಾತಾಡಬಹುದು. ಮದುವೆಮನೆಯಲ್ಲಿ ಎದುರಾದರೂ ಬರೀ ಕೈಮುಗಿದು ಮುಂದೆ ಹೋಗಬೇಕು. ಶಂಕೆಗಾರರಿಗಂತೂ ಯಾರೂ ಮದುವೆಯ ಕರೆಯನ್ನೇ ಕೊಡುವುದಿಲ್ಲ. ಕಂಪನಿಯವರು ನಮಗೆ ನೀರನ್ನೂ ಕೊಡಬಾರದು.

ಹೋದ ತಿಂಗಳ ಕೊನೆಗೆ ಹೆರಿಗೆ ಆಸ್ಪತ್ರೆಯ ಚಾವಣಿಯ ಕಾಗದ ನನ್ನ ಮುಂದೆ ಬಂತು. ಮುದ್ರೆ ಬಿದ್ದರೆ ಎರಡು ವಾರದಲ್ಲಿ ಬಾಣಂತಿಯರು ಅಲ್ಲಿ ಮಲಗುವವರಿದ್ದರು. ನಿಮ್ಮಂತೆ ನಾವೂ ಚಾವಣಿ ಹಾಕುವ ದಿನ ಅದೇ ಕಾಂಕ್ರೀಟನ್ನು ಕಬ್ಬಿಣದ ಡಬ್ಬಿಗಳಿಗೆ ತುಂಬಿ, ಇಪ್ಪತ್ತೆಂಟು ದಿನ ನೀರಲ್ಲಿಟ್ಟು, ಆ ಗಟ್ಟಿಗಳನ್ನು ಯಂತ್ರದಲ್ಲಿ ಒತ್ತಿ ಒಡೆಯುತ್ತೇವೆ. ಒಂಬತ್ತು ಗಟ್ಟಿಗಳಿದ್ದವು. ಒಂಬತ್ತೂ ಹೆಚ್ಚುಕಡಿಮೆ ಒಂದೇ ಭಾರಕ್ಕೆ ಒಡೆದಿದ್ದವು. ಒಬ್ಬಳೇ ತಟ್ಟಿದ ಒಂಬತ್ತು ರೊಟ್ಟಿಯೂ ಅಷ್ಟು ಒಂದೇ ಸಮ ಇರುವುದಿಲ್ಲ.

ಕೇಳಲು ಹೋದಾಗ ನಮ್ಮ ಕಂಪನಿಯ ಎಂಜಿನಿಯರ್ ವಿರೂಪಣ್ಣ ಕುರ್ಚಿ ಎಳೆದು ಕೊಟ್ಟರು. "ಬಿಸಿಲಾಗ ಬಂದೀ ತಂಗಿ, ಒಂದ್ ಕಪ್ಪ್ ಚಾ ಕುಡಿ. ಒಂಬತ್ತಕ್ಕ ಒಂಬತ್ತೂ ಪಾಸ್ ಆಗ್ಯಾವು, ಮತ್ತೇನ್ ಬೇಕು ನಿನಗ?" ಅಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಚಹಾ ಮುಟ್ಟದೆ ಎದ್ದು ಬಂದೆ.

ಹೊರಗೆ ಬುಟ್ಟಿ ಹೊರುವ ದ್ಯಾಮವ್ವ ನಕ್ಕಳು. "ನಿಮ್ಮವ್ವ ಜೋಗುಳ ಹಾಡೂಮುಂದೂ ಇದು ಖರೇನೋ ಸುಳ್ಳೋ ಅಂತ ಕೇಳಿದ್ದೀ ಏನವಾ?" ನಾನು ಅವಳ ಪಕ್ಕ ಕುಳಿತು, ಡಬ್ಬಿ ತುಂಬಿದ್ದು ಯಾರು ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ನಾವ ತುಂಬೀವಿ. ಡಬ್ಬೀದು ಮೊದಲ ಬ್ಯಾರೆ ಕಲಸ್ತೀವಿ, ಸಿಮೆಂಟ್ ಜಾಸ್ತಿ ಹಾಕಿ. ಸರಕಾರಕ್ಕ ಹೋಗೂದಲ್ಲ? ದೇವರ ಎಡಿ ಬ್ಯಾರೆ ತಗದಿಡೂದಿಲ್ಲೇನು, ಹಂಗ."

"ಹಂಗ ಮಾಡ್ರಿ ಅಂತ ಯಾರ್ ಹೇಳಿದ್ರು?"

"ಯಾರ್ ಹೇಳ್ತಾರ? ನಮ್ಮತ್ತಿ ಕಾಲದಿಂದ ಹಂಗ. ಎಂಜಿನಿಯರ್ರು ಅಲ್ಲೇ ನಿಂತು ನೋಡ್ತಿರ್ತಾರ, ಬ್ಯಾಡ ಅಂದಿಲ್ಲ."

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಬೇಡ ಎನ್ನದೆ ನಿಂತು ನೋಡಿದವರ ಮೇಲೆ ಮಾತ್ರ ನನ್ನ ಶಂಕೆ ಉಳಿಯಿತು. ಅಂದೇ ಬರೆದುಕೊಟ್ಟೆ: "ಶಂಕೆ ಇದೆ. ಒಡೆದದ್ದು ಡಬ್ಬಿಗಾಗಿ ಕಲಸಿದ ಕಾಂಕ್ರೀಟು. ಚಾವಣಿಯದನ್ನು ಯಾರೂ ಒಡೆದು ನೋಡಿಲ್ಲ. ಚಾವಣಿಯನ್ನೇ ಕೊರೆದು ನೋಡಬೇಕು."

ಮಾಲೀಕರಾದ ಚೆನ್ನಬಸಮ್ಮನವರು ಐದು ದಿನ ಏನೂ ಹೇಳಲಿಲ್ಲ. ಶಾಲೆಯ ಹೊಸ ಟೆಂಡರು ತೆರೆಯಲು ಒಂಬತ್ತು ದಿನ ಉಳಿದಿತ್ತು. ವಿರೂಪಣ್ಣ ಮಾಲೀಕರ ಕೋಣೆಗೆ ದಿನಕ್ಕೆ ಎರಡು ಸಲ ಹೋಗಿ ಬರುತ್ತಿದ್ದರು, ಹೊರಬರುವಾಗ ನನ್ನತ್ತ ನೋಡುತ್ತಿರಲಿಲ್ಲ. ಆರನೆಯ ದಿನ ಬೆಳಿಗ್ಗೆ ಚೆನ್ನಬಸಮ್ಮನವರು ನನ್ನನ್ನು ಕರೆಸಿದರು. ನನ್ನ ಕಾಗದ ಮೇಜಿನ ಮೇಲೆ ಮಡಚಿ ಇತ್ತು.

"ಕುಂಡ್ರು ಫಕೀರವ್ವ. ಇದು ಇನ್ನ ಯಾರ್ಯಾರಿಗೆ ಗೊತ್ತೈತಿ?"

ತಪ್ಪನ್ನು ಹೇಳಲು ಹೊರಟವರು ಗೊತ್ತಿರುವವರನ್ನು ಯಾಕೆ ಎಣಿಸಬೇಕು?

"ಕಲಸೋರಿಗೆಲ್ಲ ಗೊತ್ತೈತ್ರಿ, ಅಕ್ಕಾರ. ನಲವತ್ತು ಮಂದಿಗೆ."

ಅವರು ಸೆರಗು ಸರಿಮಾಡಿಕೊಂಡು, ಕಾಗದ ಹಿಡಿದು, ಚಪ್ಪಲಿ ಮೆಟ್ಟಿ ಹೊರಟರು. ನಾನು ಇಪ್ಪತ್ತು ಹೆಜ್ಜೆ ಹಿಂದೆ ನಡೆದೆ. ವಕೀಲರ ಓಣಿ ಬಂದಾಗ ತಿರುಗುತ್ತಾರೇನೋ ಎಂದು ನೋಡಿದೆ. ನೆಟ್ಟಗೆ ಕಟ್ಟೆಗೇ ಹೋಗಿ, ಅಧಿಕಾರಿಯ ಮುಂದೆ ನಿಂತು, ತರಕಾರಿ ಮಾರುವವರೆಲ್ಲ ಕೇಳುವಂತೆ ಓದಿದರು. ಮರುದಿನ ಚಾವಣಿ ಕೊರೆದಾಗ ಕಾಂಕ್ರೀಟು ಪುಡಿಪುಡಿಯಾಗಿ ಉದುರಿತು. ಈಗ ಚಾವಣಿ ಕೆಡವುತ್ತಿದ್ದಾರೆ. ಯಾರೂ ಜೈಲಿಗೆ ಹೋಗಲಿಲ್ಲ, ಯಾವ ಬಾಣಂತಿಯ ಮೇಲೂ ಏನೂ ಬೀಳಲಿಲ್ಲ.

ಊರಿನವರು ಚೆನ್ನಬಸಮ್ಮನವರನ್ನು ಹೊಗಳುತ್ತಿದ್ದಾರೆ. ಹೊಗಳಲಿ. ನನಗೆ ಮಾತ್ರ ಆ ಕೋಣೆಯ ಪ್ರಶ್ನೆ ಹೋಗುತ್ತಿಲ್ಲ. "ನನಗೊಬ್ಬಳಿಗೇ ಗೊತ್ತು" ಎಂದು ನಾನು ಹೇಳಬೇಕಾಗಿ ಬಂದಿದ್ದರೆ ಅವರು ಯಾವ ಕಡೆ ನಡೆಯುತ್ತಿದ್ದರು? ಅವರಿಗೂ ಗೊತ್ತಿರಲಿಕ್ಕಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಕಂಪನಿಯಲ್ಲಿ ತಪ್ಪು ಕಂಡರೆ ಅದು ಒಬ್ಬರ ಹೊಟ್ಟೆಯಲ್ಲೇ ಉಳಿಯಲು ಬಿಡಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ಅದೇ ದಿನ ಇನ್ನೂ ಹತ್ತು ಜನರಿಗೆ ತಿಳಿಯುವಂತೆ ಮಾಡಿ.

ಇಂತಿ,
ಫಕೀರವ್ವ, ಶಂಕೆಗಾರ್ತಿ