ಹೆಂಗಸರ ಸಾಲಿನಲ್ಲಿ ಇಲ್ಲದ ದನಿ

ಮಾನ್ವಿ, 1983

ಬಂಡೆಮ್ಮಾ,

ನಿನ್ನನ್ನು ಮಣ್ಣು ಮಾಡಿದ ಮೇಲೆ ಇವತ್ತು ಮೊದಲ ಸಲ ನಿನ್ನ ಚರ್ಚಿಗೆ ಹೋಗಿದ್ದೆ. ಒಳಗೇ ಹೋಗಿದ್ದೆ, ನಂಬು. ಇಷ್ಟು ವರ್ಷ ಹೊರಗೆ ಬೇವಿನ ನೆರಳಲ್ಲಿ ನಿನ್ನ ದಾರಿ ಕಾಯುತ್ತ, ನೀವೆಲ್ಲ ‘ಆಮೆನ್’ ಅಂದರೆ ‘ಆಮ್ಯಾಗ, ಆಮ್ಯಾಗ’ ಎಂದು, ಎಲ್ಲ ಆಮೇಲೆ ನೋಡೋಣ ಅನ್ನುವಂತೆ, ಕೂಗಿ ನಗಿಸುತ್ತಿದ್ದ ನಿನ್ನ ಗಂಡನೇ.

‘ನಾ ಕಳವು ಮಾಡಿಲ್ಲ, ಕೊಲಿ ಮಾಡಿಲ್ಲ. ನಾ ಹೆಂಗ ಪಾಪಿ ಆದೆ ಬೇ?’ ಎಂದು ಕೇಳಿದಾಗಲೆಲ್ಲ ನೀನು, ‘ದೇವರಿಗೆ ಬೆನ್ನು ಮಾಡಿ ಕುಂತದ್ದ ಪಾಪ. ಬಾವ್ಯಾಗ ಬಿದ್ದಾಂವ ತನ್ನ ಜುಟ್ಟು ತಾನ ಹಿಡದು ಮ್ಯಾಲ ಬರ್ತಾನೇನು? ಯೇಸಪ್ಪನ ಕೈ ಹಿಡೀಬೇಕು’ ಅನ್ನುತ್ತಿದ್ದೆ.

‘ಯಾರ ಸಲುವಾಗಿ ಪ್ರಾರ್ಥನಿ ಮಾಡಬೇಕ್ರಿ?’ ಎಂದು ಇವತ್ತು ಪಾಸ್ಟರು ಕೇಳಿದರು. ಒಬ್ಬೊಬ್ಬರೇ ಎದ್ದು ಜ್ವರ ಬಂದ ಮಗುವಿನ ಹೆಸರು, ಊರು ಬಿಟ್ಟ ಅಳಿಯನ ಹೆಸರು ಹೇಳಿದರು. ವಾರ ತಪ್ಪದೆ ನೀನು ನಿಂತು ನನ್ನ ಹೆಸರು ಹೇಳುತ್ತಿದ್ದ ಹೆಂಗಸರ ಸಾಲಿನಿಂದ ಯಾರೂ ಅದನ್ನು ಹೇಳಲಿಲ್ಲ. ಕಾದೆ. ಕೊನೆಗೆ ನಾನೇ ಎದ್ದು ನನ್ನ ಹೆಸರು ಹೇಳಿದೆ.

‘ಜಂಬಣ್ಣನ ಸಲುವಾಗಿ ಮಾಡ್ರಿ. ಪಾಪಿ ಅದಾನ. ಅವಂಗ ಉಳಿಸೋರು ಬೇಕಾಗ್ಯದ.’

ಚರ್ಚಿಗೆ ಚರ್ಚೇ ನಕ್ಕಿತು.

‘ಕುಂದ್ರು ಕಾಕಾ, ದೇವರ ಮನ್ಯಾಗೂ ನಿನ್ನ ಚ್ಯಾಷ್ಟಿ ಬಿಡಲ್ಲೇನು?’ ಎಂದಳು ಪಕ್ಕದ ಮನೆಯ ಬೂದೆಮ್ಮ. ಪಾಸ್ಟರೂ ನಗುತ್ತಲೇ ಮುಂದಿನ ಹೆಸರು ಕೇಳಿದರು. ಅವರ ಜೊತೆ ನಾನೂ ನಕ್ಕು ಕೂತುಬಿಟ್ಟೆ.

ಈಗ ಮನೆಯಲ್ಲಿ, ದಿನಾ ನೀನು ಮೊಣಕಾಲೂರಿ ನನಗಾಗಿ ಬೇಡುತ್ತಿದ್ದ ಮೂಲೆಯಲ್ಲಿ ಕೂತಿದ್ದೇನೆ. ನೀನು ಯಾವ ಮಾತಿನಿಂದ ಪ್ರಾರ್ಥನೆ ಶುರು ಮಾಡುತ್ತಿದ್ದೆ ಬಂಡೆಮ್ಮಾ? ಒಂದು ದಿನವೂ ಸುಮ್ಮನಿದ್ದು ಕೇಳಿಸಿಕೊಳ್ಳಲಿಲ್ಲ ನಾನು.